ಕಣದ ಕಾಲಕ್ಕೆ ಮುನ್ನ ಬೆಲ್ಟಿನ ಆರೈಕೆ



ಚಿತ್ರದುರ್ಗ ಜಿಲ್ಲೆಯಲ್ಲಿ ಅಕ್ಟೋಬರ್‌ನಿಂದ ಜನವರಿಯವರೆಗೆ ಕಣದ ಕಾಲ. ಭರಮಸಾಗರ, ಸಿರಿಗೆರೆ, ಹೊಳಲ್ಕೆರೆ ಕಡೆ ಮೆಕ್ಕೆಜೋಳ, ಹಿರಿಯೂರು ತಾಲ್ಲೂಕಿನ ಧರ್ಮಪುರ, ಐಮಂಗಲದ ಕಡೆ ಶೇಂಗಾ, ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ, ಮತ್ತೋಡಿನ ಕಡೆ ರಾಗಿ. ಇವೆಲ್ಲ ಹೆಚ್ಚು ಕಡಿಮೆ ಒಂದರ ಬೆನ್ನಿಗೆ ಒಂದು ಕಣಕ್ಕೆ ಬರುತ್ತವೆ. ಅಡಿಕೆ ತೋಟವಿರುವ ಕಡೆ ಸುಲಿಯುವ ಕೆಲಸವೂ ಇದೇ ತಿಂಗಳುಗಳಲ್ಲಿ ಸೇರಿಕೊಳ್ಳುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೋಡ ಕವಿಯುವುದೂ, ಎರಡು ಮೂರು ದಿನ ಜಡಿಮಳೆ ಹಿಡಿಯುವುದೂ ಇದೇ ಅವಧಿಯಲ್ಲಿಯೇ.

ಇಂಥ ದಿನ ಒಕ್ಕಣೆ ಯಂತ್ರ ಅರ್ಧ ರಾಶಿಯಲ್ಲಿ ನಿಂತರೆ ರೈತನ ಪಾಡು ಹೇಳತೀರದು. ಕೂಲಿಯವರು ಕೈಕಟ್ಟಿ ಕುಳಿತಿರುತ್ತಾರೆ, ಬಾಡಿಗೆ ಯಂತ್ರ ಮರುದಿನ ಬೇರೆ ಊರಿಗೆ ಹೋಗಬೇಕಾಗಿರುತ್ತದೆ, ತೆನೆಯ ರಾಶಿ ತೊಯ್ದರೆ ಒಳಗೆ ಕಾವೇರಿ ಬೂಷ್ಟು ಹಿಡಿಯುತ್ತದೆ. ಯಂತ್ರ ನಿಂತ ಕಾರಣವನ್ನು ಹುಡುಕಿದರೆ ಬಹಳ ಸಲ ಸಿಗುವುದು ಕೆಲವು ನೂರು ರೂಪಾಯಿ ಬೆಲೆಯ ಒಂದು ಬೆಲ್ಟು. ಹರಿದ ಬೆಲ್ಟನ್ನು ಬಿಸಾಡಿ ಹೊಸದನ್ನು ಹಾಕುತ್ತಾರೆ. ವಾರದೊಳಗೆ ಅದೂ ಹರಿಯುತ್ತದೆ. ಆಗ ಬೆಲ್ಟು ಮಾಡಿದವರನ್ನೂ ಮಾರಿದವರನ್ನೂ ಬೈಯುವುದು ರೂಢಿ. ಆದರೆ ಬೆಲ್ಟು ಹರಿಯುವುದಕ್ಕೆ ಕಾರಣ ಹೆಚ್ಚಾಗಿ ಪುಲ್ಲಿಯಲ್ಲಿಯೋ, ಜೋಡಣೆಯಲ್ಲಿಯೋ, ಬಿಗಿಯಲ್ಲಿಯೋ ಇರುತ್ತದೆ. ಆ ಕಾರಣವನ್ನು ಸರಿಪಡಿಸದೆ ಬೆಲ್ಟು ಮಾತ್ರ ಬದಲಾಯಿಸುವುದು ತೂತು ಮಡಕೆಗೆ ನೀರು ಹೊಯ್ದಂತೆ.

ಮೆಕ್ಕೆಜೋಳದ ಕಾಳು ಬಿಡಿಸುವ ಯಂತ್ರ, ಶೇಂಗಾ ಸುಲಿಯುವ ಯಂತ್ರ, ರಾಗಿ ಒಕ್ಕುವ ಯಂತ್ರ, ಅಡಿಕೆ ಸುಲಿಯುವ ಯಂತ್ರ, ಹಿಟ್ಟಿನ ಗಿರಣಿ, ಎಣ್ಣೆ ಗಾಣ, ಹೊಸದುರ್ಗದ ಕಡೆಯ ತೆಂಗಿನ ನಾರಿನ ಘಟಕ, ಬೆಲ್ಟಿನಿಂದ ನಡೆಯುವ ಪಂಪು ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಪವರ್ ಟಿಲ್ಲರ್‌ನಲ್ಲಿ ಇಂಜಿನ್ನಿನ ಶಕ್ತಿ ಗೇರು ಪೆಟ್ಟಿಗೆಗೆ ಹೋಗುವುದೂ ಬೆಲ್ಟಿನ ಮೂಲಕವೇ. ದೊಡ್ಡ ಕಟಾವು ಯಂತ್ರದಲ್ಲಿ ಇಂಥ ಬೆಲ್ಟುಗಳು ಹಲವಾರು ಇರುತ್ತವೆ.

ವಿ–ಬೆಲ್ಟು ಕೆಲಸ ಮಾಡುವ ಬಗೆ

ಹಿಂದೆ ಅಕ್ಕಿ ಗಿರಣಿ, ಹತ್ತಿ ಗಿರಣಿಗಳಲ್ಲಿ ಅಗಲವಾದ ಚಪ್ಪಟೆ ಬೆಲ್ಟುಗಳಿದ್ದವು. ಅವಕ್ಕೆ ಉದ್ದವಾದ ಜಾಗ ಬೇಕಿತ್ತು, ಆಗಾಗ್ಗೆ ಪುಲ್ಲಿಯಿಂದ ಜಾರಿ ಬೀಳುತ್ತಿದ್ದವು. 1917ರಲ್ಲಿ ಅಮೆರಿಕದ ಜಾನ್ ಗೇಟ್ಸ್ ರಬ್ಬರು ಮತ್ತು ನೂಲಿನ ವಿ–ಬೆಲ್ಟನ್ನು ರೂಪಿಸಿದ ಮೇಲೆ ಕ್ರಮೇಣ ಎಲ್ಲೆಡೆ ಅದೇ ಬಳಕೆಗೆ ಬಂದಿತು. ಈ ಬೆಲ್ಟಿನ ಮೇಲ್ಭಾಗ ಅಗಲ, ಕೆಳಭಾಗ ಕಿರಿದು. ಪುಲ್ಲಿಯ ಸುತ್ತ ಕೊರೆದಿರುವ ತೋಡೂ ಅದೇ ಆಕಾರದ್ದು.

ಸೌದೆ ಸೀಳುವಾಗ ಬಿರುಕಿಗೆ ಬೆಣೆ ಹೊಡೆಯುತ್ತಾರಲ್ಲವೆ? ಬೆಣೆ ಕೆಳಗಿಳಿದಷ್ಟೂ ಎರಡೂ ಪಕ್ಕಗಳನ್ನು ಒತ್ತುತ್ತದೆ. ವಿ–ಬೆಲ್ಟು ತೋಡಿನಲ್ಲಿ ಕೂರುವುದೂ ಹಾಗೆಯೇ. ತೋಡಿನ ಕೋನ 38 ಡಿಗ್ರಿ ಇದ್ದಲ್ಲಿ ಅಷ್ಟೇ ಬಿಗಿಯ ಚಪ್ಪಟೆ ಬೆಲ್ಟಿಗಿಂತ ಸುಮಾರು ಮೂರು ಪಟ್ಟು ಒತ್ತಡ ಪಕ್ಕಗಳ ಮೇಲೆ ಬೀಳುತ್ತದೆ. ಆದ್ದರಿಂದಲೇ ಇಷ್ಟು ಸಣ್ಣ ಬೆಲ್ಟು ಅಷ್ಟು ಭಾರವನ್ನು ಎಳೆಯಬಲ್ಲದು.

ಇದರಿಂದ ರೈತರು ತಿಳಿಯಬೇಕಾದ ಮುಖ್ಯ ಅಂಶವೊಂದಿದೆ. ವಿ–ಬೆಲ್ಟಿನ ಹಿಡಿತ ಪಕ್ಕಗಳಲ್ಲಿದೆ, ತಳದಲ್ಲಿ ಇಲ್ಲ. ಬೆಲ್ಟಿನ ತಳ ತೋಡಿನ ತಳಕ್ಕೆ ತಾಗಿತೆಂದರೆ ಬೆಣೆಯ ಗುಣ ಹೋಯಿತು, ಬೆಲ್ಟು ಜಾರತೊಡಗಿತು ಎಂದೇ ತಿಳಿಯಬೇಕು. ಪುಲ್ಲಿಯ ತೋಡಿನ ತಳ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಸರಿಯಾದ ಬೆಲ್ಟಿನ ಬೆನ್ನು ಪುಲ್ಲಿಯ ಅಂಚಿಗೆ ಸಮವಾಗಿ ಅಥವಾ ಒಂದು ಮಿಲಿಮೀಟರಿನಷ್ಟು ಮೇಲೆ ಇರುತ್ತದೆ.

ಅಳತೆ ಅರಿತು ಕೊಳ್ಳುವುದು

ಬೆಲ್ಟಿನ ಬೆನ್ನ ಮೇಲೆ ಒಂದು ಅಕ್ಷರ, ಒಂದು ಸಂಖ್ಯೆ ಇರುತ್ತದೆ. ಅಕ್ಷರ ಬೆಲ್ಟಿನ ದಪ್ಪವನ್ನು ಹೇಳುತ್ತದೆ. ಭಾರತೀಯ ಮಾನಕ ಐಎಸ್ 2494ರ ಪ್ರಕಾರ ‘ಎ’ ಬೆಲ್ಟು 13 ಮಿ.ಮೀ. ಅಗಲ, 8 ಮಿ.ಮೀ. ದಪ್ಪ, ‘ಬಿ’ ಬೆಲ್ಟು 17 ಮಿ.ಮೀ. ಅಗಲ, 11 ಮಿ.ಮೀ. ದಪ್ಪ, ‘ಸಿ’ ಬೆಲ್ಟು 22 ಮಿ.ಮೀ. ಅಗಲ, 14 ಮಿ.ಮೀ. ದಪ್ಪ. ಮುಂದಿನ ಸಂಖ್ಯೆ ಸಾಮಾನ್ಯವಾಗಿ ಬೆಲ್ಟಿನ ಒಳಸುತ್ತಳತೆಯನ್ನು ಅಂಗುಲಗಳಲ್ಲಿ ತಿಳಿಸುತ್ತದೆ. ‘ಬಿ–72’ ಎಂದರೆ ಬಿ ದಪ್ಪದ, 72 ಅಂಗುಲ ಒಳಸುತ್ತಿನ ಬೆಲ್ಟು.

ಅಂಗಡಿಯಲ್ಲಿ ಬಿ ಬೆಲ್ಟು ಇಲ್ಲವೆಂದು ಎ ಬೆಲ್ಟು ತಂದು ಬಿ ಪುಲ್ಲಿಗೆ ಹಾಕುವವರುಂಟು. ಅದು ತೋಡಿನ ತಳಕ್ಕೆ ಇಳಿದು ಜಾರುತ್ತದೆ. ಎ ಪುಲ್ಲಿಗೆ ಬಿ ಬೆಲ್ಟು ಹಾಕಿದರೆ ತೋಡಿನ ಮೇಲೆಯೇ ನಿಂತು ಪಕ್ಕಗಳು ಸವೆಯುತ್ತವೆ. ಎರಡೂ ಹಣ ಹಾಳು.

ಪುಲ್ಲಿ ಎಷ್ಟು ಚಿಕ್ಕದಿರಬಹುದು ಎಂಬುದಕ್ಕೂ ಮಿತಿ ಉಂಟು. ಎ ಬೆಲ್ಟಿಗೆ 75 ಮಿ.ಮೀ., ಬಿ ಬೆಲ್ಟಿಗೆ 125 ಮಿ.ಮೀ., ಸಿ ಬೆಲ್ಟಿಗೆ 200 ಮಿ.ಮೀ. ವ್ಯಾಸಕ್ಕಿಂತ ಚಿಕ್ಕ ಪುಲ್ಲಿ ಇರಬಾರದು. ಚಿಕ್ಕ ಪುಲ್ಲಿಯ ಮೇಲೆ ಬೆಲ್ಟು ತೀರ ಬಾಗಿ ಒಳಗೆ ಕಾದು ಬಿರಿಯುತ್ತದೆ. ಎಳೆತವೂ ಹೆಚ್ಚುತ್ತದೆ. ನಿಮಿಷಕ್ಕೆ 1440 ಸುತ್ತು ತಿರುಗುವ 5 ಅಶ್ವಶಕ್ತಿಯ ಮೋಟಾರಿಗೆ 125 ಮಿ.ಮೀ. ಪುಲ್ಲಿ ಇದ್ದರೆ ಬೆಲ್ಟುಗಳು ಒಟ್ಟು ಸುಮಾರು 40 ಕಿಲೋ ಬಲದಿಂದ ಎಳೆಯಬೇಕು. ಅದೇ ಮೋಟಾರಿಗೆ 75 ಮಿ.ಮೀ. ಪುಲ್ಲಿ ಹಾಕಿದರೆ ಸುಮಾರು 67 ಕಿಲೋ ಬಲ ಬೇಕಾಗುತ್ತದೆ. ಕೆಲಸ ಅಷ್ಟೇ, ಬೆಲ್ಟಿನ ಮೇಲಿನ ಭಾರ ಮಾತ್ರ ಒಂದೂವರೆ ಪಟ್ಟಿಗೂ ಹೆಚ್ಚು.

ಪುಲ್ಲಿಯ ಅಳತೆ ಮತ್ತು ಬೆಳೆಯ ಗುಣ

ಯಂತ್ರ ಎಷ್ಟು ವೇಗವಾಗಿ ತಿರುಗಬೇಕೆಂಬುದು ಕಾಳಿನ ಗುಣಕ್ಕೆ ನೇರವಾಗಿ ಸಂಬಂಧಿಸಿದೆ. ಲೆಕ್ಕ ಸುಲಭ. ಮೋಟಾರಿನ ಸುತ್ತನ್ನು ಮೋಟಾರು ಪುಲ್ಲಿಯ ವ್ಯಾಸದಿಂದ ಗುಣಿಸಿ, ಯಂತ್ರದ ಪುಲ್ಲಿಯ ವ್ಯಾಸದಿಂದ ಭಾಗಿಸಿದರೆ ಯಂತ್ರದ ಸುತ್ತು ಸಿಗುತ್ತದೆ. 1440 ಸುತ್ತಿನ ಮೋಟಾರು, 125 ಮಿ.ಮೀ. ಪುಲ್ಲಿ, ಯಂತ್ರಕ್ಕೆ 300 ಮಿ.ಮೀ. ಪುಲ್ಲಿ ಇದ್ದರೆ ಯಂತ್ರ ನಿಮಿಷಕ್ಕೆ 600 ಸುತ್ತು ತಿರುಗುತ್ತದೆ. ಯಂತ್ರಕ್ಕೆ ಎಷ್ಟು ಸುತ್ತು ಬೇಕೆಂಬುದನ್ನು ಅದರ ಮೇಲಿನ ಫಲಕದಿಂದ ಅಥವಾ ತಯಾರಕರ ಕೈಪಿಡಿಯಿಂದ ತಿಳಿಯಬೇಕು.

ಬೇಗ ಕೆಲಸ ಮುಗಿಯಲಿ ಎಂದು ಯಂತ್ರದ ಪುಲ್ಲಿಯನ್ನು ಚಿಕ್ಕದು ಮಾಡುವುದು ತಪ್ಪು. ಮೆಕ್ಕೆಜೋಳದ ಕಾಳು ಒಡೆಯುತ್ತದೆ. ಒಡೆದ ಕಾಳಿಗೆ ಬೂಷ್ಟೂ ಹುಳುವೂ ಬೇಗ ತಗುಲುತ್ತವೆ, ಪೇಟೆಯಲ್ಲಿ ಬೆಲೆ ಇಳಿಯುತ್ತದೆ. ಶೇಂಗಾದಲ್ಲಿ ಬೀಜ ಇಬ್ಭಾಗವಾಗುತ್ತದೆ, ಸಿಪ್ಪೆ ಸುಲಿಯುತ್ತದೆ. ಅಂಥ ಬೀಜವನ್ನು ಬಿತ್ತಿದರೆ ಮೊಳಕೆ ಕಡಿಮೆ, ಸಾಲಿನಲ್ಲಿ ಖಾಲಿ ಜಾಗ ಹೆಚ್ಚು. ಮುಂಗಾರಿನಲ್ಲಿ ಬೀಜವೇ ಸರಿಯಿರಲಿಲ್ಲವೆಂದು ಕೊರಗುವ ಎಷ್ಟೋ ಹೊಲಗಳ ತೊಂದರೆ ಸುಲಿಯುವ ಯಂತ್ರದ ಪುಲ್ಲಿಯಲ್ಲಿ ಹುಟ್ಟಿರುತ್ತದೆ.

ವೇಗ ಕಡಿಮೆಯಾದರೂ ನಷ್ಟವೇ. ಬೆಲ್ಟು ಜಾರಿದಾಗ ಗಾಳಿ ಬೀಸುವ ರೆಕ್ಕೆಗಳು ನಿಧಾನವಾಗಿ ಹೊಟ್ಟು ಕಾಳಿನೊಂದಿಗೇ ಉಳಿಯುತ್ತದೆ, ಕಾಳು ಬಿಡದ ತೆನೆ ಹಿಂದಿನಿಂದ ಹೊರಬೀಳುತ್ತದೆ. ಕಣದಲ್ಲಿ ಹೊಟ್ಟು ಹೆಚ್ಚಾಯಿತೆಂದರೆ ಜರಡಿಯನ್ನು ತಿರುಗಿಸುವ ಮೊದಲು ಬೆಲ್ಟನ್ನು ನೋಡಬೇಕು.

ಇನ್ನೊಂದು ಎಚ್ಚರಿಕೆ. ನಿಮಿಷಕ್ಕೆ 650 ಸುತ್ತಿನ ಹಳೆಯ ಡೀಸೆಲ್ ಇಂಜಿನ್ನನ್ನು ತೆಗೆದು 1440 ಸುತ್ತಿನ ಮೋಟಾರನ್ನು ಕೂರಿಸುವಾಗ ಇಂಜಿನ್ನಿನ ಪುಲ್ಲಿಯನ್ನೇ ಮೋಟಾರಿಗೆ ಹಾಕಬಾರದು. ಯಂತ್ರ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ತಿರುಗಿ ಡ್ರಮ್ಮು ಸಿಡಿಯಬಹುದು. ಪಂಪಿನ ವಿಷಯದಲ್ಲಿಯೂ ಹಾಗೆಯೇ. ಕೇಂದ್ರಾಪಗಾಮಿ ಪಂಪಿನ ವೇಗವನ್ನು ನೂರಕ್ಕೆ 10ರಷ್ಟು ಏರಿಸಿದರೆ ಅದು ಬೇಡುವ ಶಕ್ತಿ ನೂರಕ್ಕೆ 33ರಷ್ಟು ಏರುತ್ತದೆ. ಒಂದಿಷ್ಟು ಹೆಚ್ಚು ನೀರಿನ ಆಸೆಗೆ ಮೋಟಾರು ಸುಟ್ಟುಕೊಂಡಂತಾಗುತ್ತದೆ.

ಬೆಲ್ಟಿನ ಉದ್ದ ಎಷ್ಟಿರಬೇಕೆಂಬುದನ್ನೂ ಮನೆಯಲ್ಲಿಯೇ ಲೆಕ್ಕ ಹಾಕಬಹುದು. ಎರಡು ಶಾಫ್ಟುಗಳ ನಡುವಿನ ಅಂತರದ ಎರಡರಷ್ಟಕ್ಕೆ, ಎರಡೂ ಪುಲ್ಲಿಗಳ ವ್ಯಾಸದ ಮೊತ್ತವನ್ನು 1.57ರಿಂದ ಗುಣಿಸಿ ಕೂಡಬೇಕು. ವ್ಯಾಸಗಳ ವ್ಯತ್ಯಾಸದ ವರ್ಗವನ್ನು ಅಂತರದ ನಾಲ್ಕರಷ್ಟರಿಂದ ಭಾಗಿಸಿ ಅದನ್ನೂ ಸೇರಿಸಬೇಕು. ಮೇಲಿನ ಉದಾಹರಣೆಯಲ್ಲಿ ಅಂತರ 600 ಮಿ.ಮೀ. ಇದ್ದರೆ 1200, 667 ಮತ್ತು 13 ಸೇರಿ 1880 ಮಿ.ಮೀ. ಆಗುತ್ತದೆ. ಇದು ಬೆಲ್ಟಿನ ನಡುಮಟ್ಟದ ಉದ್ದ. ಬಿ ಬೆಲ್ಟಿಗೆ ಇದರಲ್ಲಿ 43 ಮಿ.ಮೀ. ಕಳೆದರೆ ಒಳಸುತ್ತು 1837 ಮಿ.ಮೀ., ಅಂದರೆ 72 ಅಂಗುಲ ಮತ್ತು ಸ್ವಲ್ಪ. ಬಿ–72 ಸರಿಹೋಗುತ್ತದೆ, ಉಳಿದ ವ್ಯತ್ಯಾಸವನ್ನು ಮೋಟಾರು ಸರಿಸಿ ಹೊಂದಿಸಬಹುದು.

ಪುಲ್ಲಿಗಳು ಒಂದೇ ಸಾಲಿನಲ್ಲಿರಬೇಕು

ಎರಡೂ ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಬೆಲ್ಟು ತೋಡಿಗೆ ಓರೆಯಾಗಿ ಇಳಿಯುತ್ತದೆ. ಒಂದು ಪಕ್ಕ ಮಾತ್ರ ಸವೆಯುತ್ತದೆ, ಕೆಲವು ಸಲ ಬೆಲ್ಟು ಮಗುಚಿಕೊಳ್ಳುತ್ತದೆ. ಪರೀಕ್ಷಿಸಲು ಒಂದು ಗಟ್ಟಿ ದಾರ ಸಾಕು. ದಾರವನ್ನು ಎರಡು ಪುಲ್ಲಿಗಳ ಮುಖಕ್ಕೆ ಅಡ್ಡಲಾಗಿ ಎಳೆದು ಹಿಡಿದಾಗ ಪ್ರತಿ ಪುಲ್ಲಿಯ ಎರಡೂ ಅಂಚುಗಳಿಗೆ, ಒಟ್ಟು ನಾಲ್ಕು ಕಡೆ ತಾಗಬೇಕು. ಎರಡು ಪುಲ್ಲಿಗಳ ಅಂಚಿನ ದಪ್ಪ ಬೇರೆ ಬೇರೆಯಾಗಿದ್ದರೆ ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ಮೀಟರು ಅಂತರಕ್ಕೆ 8 ಮಿ.ಮೀ.ಗಿಂತ ಹೆಚ್ಚು ಓರೆ ಇರಬಾರದು. ಇದಕ್ಕೂ ಕಡಿಮೆ ಇದ್ದಷ್ಟು ಒಳ್ಳೆಯದು.

ಗಿರಣಿಯಲ್ಲಿ ಯಂತ್ರ ನೆಲಕ್ಕೆ ಬೋಲ್ಟು ಹಾಕಿರುತ್ತದೆ. ಕಣದಲ್ಲಿ ಹಾಗಿಲ್ಲ. ಸಗಣಿ ಸಾರಿಸಿದ ನೆಲದ ಮೇಲೆ ಯಂತ್ರ ಅದುರುತ್ತ ಅದುರುತ್ತ ಗಂಟೆಗೊಮ್ಮೆ ಬೆರಳಷ್ಟು ಸರಿಯುತ್ತದೆ. ಬೆಳಿಗ್ಗೆ ನೇರವಾಗಿದ್ದ ಬೆಲ್ಟು ಮಧ್ಯಾಹ್ನಕ್ಕೆ ಓರೆಯಾಗಿರುತ್ತದೆ. ಆದ್ದರಿಂದ ಚಕ್ರಗಳಿಗೆ ಕಲ್ಲಿನ ಜೊತೆಗೆ ಕಬ್ಬಿಣದ ಗೂಟಗಳನ್ನೂ ಹೊಡೆಯಬೇಕು. ಮೋಟಾರು ಮತ್ತು ಯಂತ್ರ ಒಂದೇ ಚೌಕಟ್ಟಿನ ಮೇಲೆ ಇರುವ ಮಾದರಿ ಈ ದೃಷ್ಟಿಯಿಂದ ಉತ್ತಮ. ಊಟಕ್ಕೆ ನಿಲ್ಲಿಸಿದಾಗ ದಾರ ಹಿಡಿದು ಒಮ್ಮೆ ನೋಡುವುದು ಲೇಸು.

ಬಿಗಿ ಎಷ್ಟಿರಬೇಕು?

ಬೆಲ್ಟನ್ನು ತಂಬೂರಿಯ ತಂತಿಯಂತೆ ಬಿಗಿದರೆ ಬೇರಿಂಗುಗಳು ಕಾದು ಕೆಡುತ್ತವೆ, ಶಾಫ್ಟು ಬಾಗುತ್ತದೆ. ಸಡಿಲ ಬಿಟ್ಟರೆ ಜಾರಿ ಕಾಯುತ್ತದೆ. ಬೆಲ್ಟಿನ ಒಳಗಿನ ಕಾವು ಸುಮಾರು 10 ಡಿಗ್ರಿ ಸೆಂಟಿಗ್ರೇಡ್ ಹೆಚ್ಚಿದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರ ಅನುಭವದ ಲೆಕ್ಕ. ಸರಿಯಾಗಿರುವ ವಿ–ಬೆಲ್ಟು ಮೋಟಾರಿನ ಶಕ್ತಿಯಲ್ಲಿ ನೂರಕ್ಕೆ 95ರಷ್ಟನ್ನು ಯಂತ್ರಕ್ಕೆ ಮುಟ್ಟಿಸುತ್ತದೆ. ಸಡಿಲವಾದರೆ ಇದು 90ಕ್ಕೆ ಅಥವಾ ಅದಕ್ಕೂ ಕೆಳಕ್ಕೆ ಇಳಿಯಬಹುದು. ಇಳಿದ ಶಕ್ತಿಯೆಲ್ಲ ಬೆಲ್ಟನ್ನು ಸುಡುವುದಕ್ಕೇ ಖರ್ಚಾಗುತ್ತದೆ.

ಬಿಗಿಯನ್ನು ಅಳೆಯಲು ಒಂದು ಸ್ಪ್ರಿಂಗ್ ತಕ್ಕಡಿ ಮತ್ತು ಅಳತೆ ಪಟ್ಟಿ ಸಾಕು. ಎರಡು ಪುಲ್ಲಿಗಳ ನಡುವೆ ಬೆಲ್ಟು ನೇರವಾಗಿರುವ ಭಾಗದ ನಟ್ಟನಡುವೆ ತಕ್ಕಡಿಯ ಕೊಕ್ಕೆ ಹಾಕಿ ಎಳೆಯಬೇಕು. ಒಂದು ಮೀಟರು ಉದ್ದಕ್ಕೆ 16 ಮಿ.ಮೀ. ಬಾಗುವಷ್ಟು ಎಳೆದಾಗ ಎ ಬೆಲ್ಟಿಗೆ 1ರಿಂದ 1.5 ಕಿಲೋ, ಬಿ ಬೆಲ್ಟಿಗೆ 2ರಿಂದ 3 ಕಿಲೋ, ಸಿ ಬೆಲ್ಟಿಗೆ 4ರಿಂದ 6 ಕಿಲೋ ತೋರಿಸಬೇಕು. ಕಡಿಮೆ ತೋರಿಸಿದರೆ ಸಡಿಲ, ಹೆಚ್ಚು ತೋರಿಸಿದರೆ ಅತಿ ಬಿಗಿ. ನೇರ ಭಾಗ 60 ಸೆಂಟಿಮೀಟರು ಇದ್ದರೆ ಬಾಗುವಿಕೆ ಸುಮಾರು 10 ಮಿ.ಮೀ. ಎಂದು ಹಿಡಿಯಬಹುದು. ಒಂದೇ ಪುಲ್ಲಿಯಲ್ಲಿ ಎರಡು ಮೂರು ಬೆಲ್ಟುಗಳಿದ್ದರೆ ಒಂದೊಂದನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಹೊಸ ಬೆಲ್ಟು ಮೊದಲ ದಿನ ಸ್ವಲ್ಪ ಹಿಗ್ಗಿ ತೋಡಿನಲ್ಲಿ ಕೂರುತ್ತದೆ. ಆದ್ದರಿಂದ ಹಾಕುವಾಗ ಮೇಲಿನ ಅಳತೆಗಿಂತ ಕಾಲುಭಾಗ ಹೆಚ್ಚು ಬಿಗಿ ಕೊಡಬೇಕು. ಅರ್ಧ ಗಂಟೆ ಓಡಿಸಿ ನಿಲ್ಲಿಸಿ ಮತ್ತೆ ಅಳೆಯಬೇಕು. ಒಂದು ದಿನದ ಕೆಲಸದ ನಂತರ ಇನ್ನೊಮ್ಮೆ, ವಾರದ ನಂತರ ಮತ್ತೊಮ್ಮೆ ನೋಡಬೇಕು. ಹೊಸ ಬೆಲ್ಟುಗಳು ಬೇಗ ಹಾಳಾಗುವುದು ಬಹುಪಾಲು ಈ ಎರಡನೆಯ ಬಿಗಿಯನ್ನು ಮರೆಯುವುದರಿಂದ.

ತೊಂದರೆಯ ಗುರುತುಗಳು

ಹರಿದ ಬೆಲ್ಟನ್ನು ಬಿಸಾಡುವ ಮುನ್ನ ಬಿಸಿಲಿಗೆ ಹಿಡಿದು ಚೆನ್ನಾಗಿ ನೋಡಬೇಕು. ತೊಂದರೆ ಎಲ್ಲಿದೆ ಎಂದು ಅದೇ ಹೇಳುತ್ತದೆ.

ಪಕ್ಕಗಳು ಗಾಜಿನಂತೆ ಹೊಳೆಯುತ್ತಿದ್ದರೆ, ಯಂತ್ರ ಪ್ರಾರಂಭವಾಗುವಾಗ ಕಿರ್ರೆಂದು ಕೂಗುತ್ತಿದ್ದರೆ ಬೆಲ್ಟು ಜಾರುತ್ತಿದೆ. ಬಿಗಿ ಸಾಲದು, ಅಥವಾ ಭಾರ ಹೆಚ್ಚು, ಅಥವಾ ತೋಡಿಗೆ ಎಣ್ಣೆ ತಾಗಿದೆ. ಹಸಿ ತೆನೆಯನ್ನು ಒಂದೇ ಸಲ ತುಂಬಿದರೂ ಹೀಗಾಗುತ್ತದೆ; ಚೆನ್ನಾಗಿ ಒಣಗಿದ ಮೇಲೆಯೇ, ಸಮನಾಗಿ ತುಂಬಬೇಕು.

ತಳದಲ್ಲಿ ಅಡ್ಡಡ್ಡ ಬಿರುಕುಗಳಿದ್ದರೆ ಬೆಲ್ಟು ಕಾದಿದೆ, ಇಲ್ಲವೆ ಪುಲ್ಲಿ ತೀರ ಚಿಕ್ಕದು, ಇಲ್ಲವೆ ಬೆಲ್ಟಿಗೆ ವಯಸ್ಸಾಗಿದೆ.

ಒಂದೇ ಪಕ್ಕ ಸವೆದು ನೂಲು ಹೊರಬಂದಿದ್ದರೆ ಪುಲ್ಲಿಗಳು ಸಾಲಿನಲ್ಲಿಲ್ಲ.

ಎರಡೂ ಪಕ್ಕ ಸಮನಾಗಿ ಬೇಗ ಸವೆದಿದ್ದರೆ ಪುಲ್ಲಿಯ ತೋಡು ಸವೆದಿದೆ ಅಥವಾ ಧೂಳು ಕುಳಿತಿದೆ. ನೇರವಾದ ಪಟ್ಟಿಯನ್ನು ತೋಡಿನ ಗೋಡೆಗೆ ಹಿಡಿದಾಗ ಸುಮಾರು 0.8 ಮಿ.ಮೀ.ಗಿಂತ ಹೆಚ್ಚು ಹಳ್ಳ ಕಂಡರೆ ಪುಲ್ಲಿಯನ್ನೇ ಬದಲಾಯಿಸಬೇಕು. ಚಿತ್ರದುರ್ಗದ ಗಾಳಿ ಹೆಸರಾದದ್ದು. ಆ ಗಾಳಿಯೊಡನೆ ಏಳುವ ಮಣ್ಣು, ಹೊಟ್ಟು ತೋಡಿನಲ್ಲಿ ಮರಳು ಕಾಗದದಂತೆ ಉಜ್ಜುತ್ತವೆ. ಯಂತ್ರವನ್ನು ಹೊಟ್ಟು ಗಾಳಿಯ ದಿಕ್ಕಿಗೆ ಹಾರುವಂತೆ, ಬೆಲ್ಟು ಗಾಳಿ ಬರುವ ಕಡೆಗೆ ಇರುವಂತೆ ನಿಲ್ಲಿಸಬೇಕು.

ಬೆಲ್ಟು ಉಬ್ಬಿ ಮೆತ್ತಗಾಗಿದ್ದರೆ ಡೀಸೆಲ್, ಎಣ್ಣೆ ಅಥವಾ ಗ್ರೀಸು ತಾಗಿದೆ. ಸೋರುವುದನ್ನು ಮೊದಲು ನಿಲ್ಲಿಸಬೇಕು. ಬೇರಿಂಗಿಗೆ ಗ್ರೀಸು ತುಂಬಿದಾಗ ಹೊರಚೆಲ್ಲಿದ್ದನ್ನು ಒರೆಸಬೇಕು.

ಬೆಲ್ಟು ಮಗುಚಿಕೊಳ್ಳುತ್ತಿದ್ದರೆ ಒಳಗಿನ ನೂಲು ತುಂಡಾಗಿದೆ. ಮೀಟುಗೋಲಿನಿಂದ ಅಥವಾ ತಿರುಪುಳಿಯಿಂದ ಮೀಟಿ ಬೆಲ್ಟನ್ನು ಪುಲ್ಲಿಗೆ ಏರಿಸುವುದೇ ಇದಕ್ಕೆ ಸಾಮಾನ್ಯ ಕಾರಣ. ಹೊರಗೆ ಏನೂ ಕಾಣುವುದಿಲ್ಲ, ಒಳಗೆ ನೂಲು ಕಡಿದಿರುತ್ತದೆ. ಮೋಟಾರಿನ ಬೋಲ್ಟು ಸಡಿಲಿಸಿ, ಒಳಕ್ಕೆ ಸರಿಸಿ, ಕೈಯಿಂದಲೇ ಬೆಲ್ಟು ಹಾಕಿ, ಆ ಮೇಲೆ ಬಿಗಿ ಮಾಡುವುದು ಸರಿಯಾದ ಕ್ರಮ.

ಬೆಲ್ಟು ಸರಿಯಾಗಿದ್ದೂ ಯಂತ್ರ ಎಳೆಯದಿದ್ದರೆ ವೋಲ್ಟೇಜು ನೋಡಬೇಕು. ವೋಲ್ಟೇಜು ನೂರಕ್ಕೆ 80ಕ್ಕೆ ಇಳಿದರೆ ಮೋಟಾರಿನ ತಿರುಗಿಸುವ ಬಲ ನೂರಕ್ಕೆ 64ಕ್ಕೆ ಇಳಿಯುತ್ತದೆ. ಬೆಲ್ಟು ಬಿಗಿ ಮಾಡುವುದರಿಂದ ವೋಲ್ಟೇಜು ಏರುವುದಿಲ್ಲ; ಮೋಟಾರಿನ ಮೇಲೆ ಭಾರ ಮಾತ್ರ ಏರುತ್ತದೆ. ಇಂಥ ಸಮಯದಲ್ಲಿ ತೆನೆ ತುಂಬುವುದನ್ನು ಕಡಿಮೆ ಮಾಡಬೇಕು ಅಥವಾ ನಿಲ್ಲಿಸಬೇಕು.

ರಾಳ, ಬೆಲ್ಲದ ಪಾಕ, ಬೆಲ್ಟಿನ ಮೇಣ ಇವನ್ನು ಹಚ್ಚಿ ಜಾರುವುದನ್ನು ನಿಲ್ಲಿಸುವ ಪ್ರಯತ್ನ ಬೇಡ. ಅರ್ಧ ಗಂಟೆ ಹಿಡಿದಂತೆ ತೋರುತ್ತದೆ, ನಂತರ ಧೂಳು ಮೆತ್ತಿ ಬೆಲ್ಟು ಮತ್ತು ಪುಲ್ಲಿ ಎರಡೂ ಸವೆಯುತ್ತವೆ.

ಬದಲಾಯಿಸುವಾಗ

ಮೂರು ಬೆಲ್ಟುಗಳಿರುವ ಪುಲ್ಲಿಯಲ್ಲಿ ಒಂದು ಹರಿದರೆ ಮೂರನ್ನೂ ಒಟ್ಟಿಗೆ ಬದಲಾಯಿಸಬೇಕು. ಇದು ದುಂದೆಂದು ತೋರಬಹುದು. ಆದರೆ ಹಳೆಯ ಎರಡು ಹಿಗ್ಗಿರುತ್ತವೆ, ಹೊಸದೊಂದು ಬಿಗಿಯಾಗಿರುತ್ತದೆ. ನೊಗಕ್ಕೆ ಒಂದು ಎಳೆಯ ಎತ್ತು, ಒಂದು ಮುದಿ ಎತ್ತು ಕಟ್ಟಿದಂತೆ ಭಾರವೆಲ್ಲ ಹೊಸದರ ಮೇಲೆ ಬಿದ್ದು ಅದೇ ಮೊದಲು ಹರಿಯುತ್ತದೆ. ಮೂರೂ ಒಂದೇ ತಯಾರಕರದು, ಒಂದೇ ಜೋಡಿ ಗುರುತಿನವು ಆಗಿರಬೇಕು. ತೆಗೆದವುಗಳಲ್ಲಿ ಚೆನ್ನಾಗಿರುವುದನ್ನು ಒಂದೇ ಬೆಲ್ಟಿನ ಯಂತ್ರಕ್ಕೆ ಬಳಸಬಹುದು.

ಹೊಸ ಬೆಲ್ಟು ಹಾಕುವ ಮುನ್ನ ತೋಡುಗಳನ್ನು ಒಣಬಟ್ಟೆಯಿಂದ ಒರೆಸಬೇಕು, ಪುಲ್ಲಿ ಶಾಫ್ಟಿನ ಮೇಲೆ ಅಲುಗಾಡುತ್ತಿದೆಯೇ, ಬೇರಿಂಗು ಸದ್ದು ಮಾಡುತ್ತಿದೆಯೇ ಎಂದು ನೋಡಬೇಕು.

ಕಣದ ಕಾಲ ಮುಗಿದ ಮೇಲೆ ಬೆಲ್ಟುಗಳನ್ನು ಬಿಚ್ಚಿ, ಒರೆಸಿ, ಅಳತೆಯ ಚೀಟಿ ಕಟ್ಟಿ ಇಡಬೇಕು. ಗೋಡೆಯ ಮೊಳೆಗೆ ನೇತುಹಾಕಿದರೆ ಮೊಳೆಯ ಮೇಲೆ ಬಾಗಿ ಅಲ್ಲಿಯೇ ಬಿರಿಯುತ್ತದೆ. ದುಂಡನೆಯ ದಪ್ಪ ಗಳುವಿನ ಮೇಲೆ ಅಥವಾ ಅಟ್ಟದ ಮೇಲೆ ಮಡಿಸದೆ ಇಡುವುದು ಮೇಲು. ಬಿಸಿಲು, ಒಲೆಯ ಕಾವು, ಗೊಬ್ಬರ ಮತ್ತು ಕೀಟನಾಶಕದ ಡಬ್ಬಗಳಿಂದ ದೂರವಿರಬೇಕು. ಇಲಿಯ ಕಾಟವಿದ್ದರೆ ಮುಚ್ಚಳವಿರುವ ಡಬ್ಬಿಯೇ ಲೇಸು.

ಕೈ ಕಾಲು ಮೊದಲು

ಬೆಲ್ಟು ಹರಿದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಬೆರಳು ಹೋದರೆ ಸಿಗುವುದಿಲ್ಲ. ಒಕ್ಕಣೆ ಯಂತ್ರಗಳಿಂದಾಗುವ ಅವಘಡಗಳ ಕಾರಣದಿಂದಲೇ ಭಾರತ ಸರ್ಕಾರ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ತಂದಿತು. ಕಾಯಿದೆ ಪುಸ್ತಕದಲ್ಲಿರುತ್ತದೆ, ಕಣದಲ್ಲಿ ಕಾಯುವುದು ಬೆಲ್ಟಿನ ಮೇಲಿನ ತಗಡಿನ ಕವಚ. ಆ ಕವಚವನ್ನು ಬಿಚ್ಚಿ ಮೂಲೆಗೆ ಎಸೆದ ಯಂತ್ರಗಳು ಹಳ್ಳಿಗಳಲ್ಲಿ ಕಡಿಮೆಯೇನಿಲ್ಲ. ಗಾಳಿಯಾಡಲು ತೂತುಗಳಿರುವ ತಗಡು ಅಥವಾ ಜಾಲರಿಯ ಕವಚ ಇರಲೇಬೇಕು.

ಓಡುತ್ತಿರುವ ಬೆಲ್ಟಿಗೆ ಕೈ ಹಾಕುವುದು, ಕೋಲಿನಿಂದ ಒತ್ತುವುದು, ನಿಲ್ಲುವ ಮೊದಲೇ ಅಂಗೈಯಿಂದ ತಡೆಯುವುದು ಕೂಡದು. ಪಂಚೆಯ ಚುಂಗು, ಸೀರೆಯ ಸೆರಗು, ಹೆಗಲ ಮೇಲಿನ ಟವೆಲ್ಲು, ಬಿಚ್ಚಿದ ಜಡೆ ಇವು ಬೆಲ್ಟಿಗೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ತೆನೆ ತುಂಬುವ ಹೆಣ್ಣುಮಕ್ಕಳು ಸೆರಗನ್ನು ಸೊಂಟಕ್ಕೆ ಬಿಗಿದು, ತಲೆಗೆ ಬಟ್ಟೆ ಕಟ್ಟಿ, ಬೆಲ್ಟು ಇಲ್ಲದ ಕಡೆ ನಿಲ್ಲುವಂತೆ ಯಜಮಾನ ನೋಡಿಕೊಳ್ಳಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು. ನಿದ್ದೆಗೆಟ್ಟು ರಾತ್ರಿ ಕೆಲಸ ಮಾಡುವಾಗ ದೀಪ ಬೆಲ್ಟಿನ ಕಡೆ ಬೀಳುವಂತಿರಬೇಕು.

ಬೆಲ್ಟನ್ನು ಪರೀಕ್ಷಿಸುವಾಗ ಸ್ವಿಚ್ಚು ಆರಿಸಿದರೆ ಸಾಲದು, ಫ್ಯೂಸನ್ನು ತೆಗೆದು ಜೇಬಿನಲ್ಲಿಟ್ಟುಕೊಳ್ಳಬೇಕು. ಹೋಗಿದ್ದ ವಿದ್ಯುತ್ತು ಮರಳಿ ಬಂದಾಗ ಯಂತ್ರ ತಾನಾಗಿ ತಿರುಗಿಬಿಡಬಹುದು. ಟ್ರ್ಯಾಕ್ಟರಿನಿಂದ ನಡೆಯುವ ಯಂತ್ರವಾದರೆ ಇಂಜಿನ್ನು ನಿಲ್ಲಿಸಿ ಕೀಲಿಕೈ ತೆಗೆದುಕೊಳ್ಳಬೇಕು.

ಒಂದು ಕ್ರಮ

ಕೊಯ್ಲಿಗೆ 15 ದಿನ ಮುಂಚೆ ಯಂತ್ರವನ್ನು ಹೊರತಂದು ಪುಲ್ಲಿ, ಸಾಲು, ಬಿಗಿ, ಕವಚ, ಬೇರಿಂಗು ಈ ಐದನ್ನು ನೋಡಬೇಕು. ಪ್ರತಿ ಯಂತ್ರಕ್ಕೂ ಒಂದು ಜೋಡಿ ಬೆಲ್ಟು ಮನೆಯಲ್ಲಿರಬೇಕು. ಪ್ರತಿ ಬೆಳಿಗ್ಗೆ ಬಿಗಿ ನೋಡಬೇಕು. ಮೊದಲ 10 ನಿಮಿಷ ಓಡಿಸಿದ ಮೇಲೆ ನಿಲ್ಲಿಸಿ, ಫ್ಯೂಸು ತೆಗೆದು, ಚಿಕ್ಕ ಪುಲ್ಲಿಯ ಹತ್ತಿರ ಕೈಯ ಹಿಂಬದಿಯನ್ನು ಮೆಲ್ಲಗೆ ಒಯ್ದು ನೋಡಬೇಕು. ಕೈ ತಾಳದಷ್ಟು ಕಾದಿದ್ದರೆ ಬೆಲ್ಟು ಜಾರುತ್ತಿದೆ. ಯಂತ್ರದ ಮೇಲೆ ಬಣ್ಣದಿಂದ ಬೆಲ್ಟಿನ ಸಂಖ್ಯೆ, ಪುಲ್ಲಿಯ ವ್ಯಾಸ, ಬೆಲ್ಟು ಹಾಕಿದ ದಿನಾಂಕ ಬರೆದಿಟ್ಟರೆ ಮನೆಯ ಯಾರೇ ಪೇಟೆಗೆ ಹೋದರೂ ಸರಿಯಾದುದನ್ನೇ ತರುತ್ತಾರೆ.

ಸ್ವಂತ ಯಂತ್ರವಿಲ್ಲದೆ ಖಾಸಗಿಯವರಿಂದಲೋ ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರದಿಂದಲೋ ಯಂತ್ರ ತರುವವರು ಕೂಡ, ಕಣದಲ್ಲಿ ಅದನ್ನು ನಿಲ್ಲಿಸುವ ಮುನ್ನ ಕವಚ ಇದೆಯೇ, ಬೆಲ್ಟು ಬಿರಿದಿದೆಯೇ, ಹೆಚ್ಚಿನ ಬೆಲ್ಟು ಜೊತೆಗಿದೆಯೇ ಎಂದು ಕೇಳಬೇಕು. ಬಾಡಿಗೆ ಕೊಡುವವನಿಗೆ ಕೇಳುವ ಹಕ್ಕೂ ಇದೆ. ವಿಸ್ತರಣಾ ಕಾರ್ಯಕರ್ತರು ಬೀಜೋಪಚಾರದ ಪ್ರಾತ್ಯಕ್ಷಿಕೆ ನಡೆಸುವಂತೆ ಒಂದು ದಾರ, ಒಂದು ಸ್ಪ್ರಿಂಗ್ ತಕ್ಕಡಿ, ಒಂದೆರಡು ಹರಿದ ಬೆಲ್ಟುಗಳನ್ನು ಹಿಡಿದು ಊರಿನ ಒಂದು ಕಣದಲ್ಲಿ ಒಂದು ಗಂಟೆ ಇದನ್ನು ತೋರಿಸಿದರೆ ಊರಿನವರಿಗೆ ಬಹಳ ಉಪಕಾರವಾಗುತ್ತದೆ.

ವರ್ಷವಿಡೀ ಮಳೆಗೆ ಕಾದು ಬೆಳೆದ ಬೆಳೆ ಇದು. ನಾಲ್ಕು ತಿಂಗಳ ಬೆವರು ಕೊನೆಯ ನಾಲ್ಕು ದಿನಗಳಲ್ಲಿ ಕಣದ ಮೇಲಿರುತ್ತದೆ. ಮೋಡ ಕಂಡ ಮೇಲೆ ಬೆಲ್ಟು ಹುಡುಕುತ್ತ ಪೇಟೆಗೆ ಓಡುವುದು ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದಂತೆ. ಬಿಡುವಿರುವ ದಿನವೊಂದರಲ್ಲಿ, ಬೆಳಗಿನ ತಂಪಿನಲ್ಲಿ, ಒಂದು ಗಂಟೆ ಯಂತ್ರದ ಬಳಿ ಕುಳಿತರೆ ಈ ಓಟ ತಪ್ಪುತ್ತದೆ, ಕಾಳು ಉಳಿಯುತ್ತದೆ, ದುಡಿಯುವವರ ಕೈಗಳೂ ಕ್ಷೇಮವಾಗಿರುತ್ತವೆ.